ಸಾರಿಕಾಬಾಯಿ ಕಂಡದ್ದು

ಆ ದಿನದ ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಸೀನು. ಅದೂ ದೊಡ್ಡವರದಲ್ಲ, ಮಹಾರಾಷ್ಟ್ರದ ಗಡಿಯೊಳಗಿನ ಕಲ್ಲವಾಡಿಯ ಜಿಲ್ಲಾ ಪರಿಷತ್ ಶಾಲೆಯಲ್ಲಿ ಮೂರನೆಯ ತರಗತಿ ಓದುವ ಸ್ನೇಹಲ ಎಂಬ ಹುಡುಗಿಯ, ಬೆಕ್ಕಿನ ಮರಿಯದಷ್ಟು ಸಣ್ಣ ಸೀನು.

ಮಕ್ಕಳ ಸುರಕ್ಷತೆಯ ಶಪಥ ಮಾಡಿಸಿ, ಅದರ ಫೋಟೋ ತೆಗೆದು ಮಧ್ಯಾಹ್ನದೊಳಗೆ ಮೇಲಕ್ಕೆ ಕಳಿಸಬೇಕೆಂದು ಆದೇಶ ಬಂದಿತ್ತು. ‘ಭಯವಿಲ್ಲದ ಶಾಲೆ, ನಗುವ ಮಕ್ಕಳು’ ಎಂದು ಮರಾಠಿಯಲ್ಲಿ ಬರೆದ ಬ್ಯಾನರಿನ ಕೆಳಗೆ ಮಕ್ಕಳು ಕೈ ಮುಂದೆ ಚಾಚಿ ನಿಂತಿದ್ದರು. ವೈಜನಾಥ ಗುರುಜಿ ಮೊಬೈಲು ಹಿಡಿದು, “ನಗ್ರಿ! ನಗ್ರಿ ಅಂದ್ರ ಕೇಳ್ಸಲ್ಲೇನು?” ಎಂದು ಗದರಿಸುತ್ತಿದ್ದರು. ಮೊದಲನೆಯ ಫೋಟೋದೊಳಗೆ ಯಾರದೋ ಆಡು ನುಗ್ಗಿತು. ಎರಡನೆಯದಕ್ಕೆ ಬ್ಯಾನರು ಗಾಳಿಗೆ ಮಡಚಿಕೊಂಡಿತು. ಮೂರನೆಯದಕ್ಕೆ ಎಲ್ಲ ಸರಿಯಾಗಿ ಕೂಡಿಬಂದಾಗ ಸ್ನೇಹಲ ಸೀನಿದಳು. ಸಾಲಿಗೆ ಸಾಲೇ ನಿಜವಾಗಿ ನಕ್ಕಿತು. ಚಾಚಿದ ಕೈಗಳೆಲ್ಲ ಬಾಯಿಗೆ ಹೋದವು.

ಗುರುಜಿ ಮೊಬೈಲನ್ನು ಎಡಗೈಗೆ ಬದಲಿಸಿಕೊಂಡರು. ಖಾಲಿಯಾದ ಬಲಗೈ ಹುಡುಗಿಯ ಕಿವಿಯ ಮೇಲೆ ಬಿದ್ದ ಸದ್ದಿಗೆ ಮಾಳಿಗೆಯ ಪಾರಿವಾಳಗಳು ಹಾರಿಹೋದವು.

ನಾಲ್ಕನೆಯ ಫೋಟೋ ಚೆನ್ನಾಗಿ ಬಂತು. ಯಾರೂ ಸೀನಲಿಲ್ಲ, ಯಾರೂ ಅಲುಗಾಡಲಿಲ್ಲ. ಅದೇ ಮೇಲಕ್ಕೆ ಹೋಯಿತು.

ಸಾರಿಕಾ ಬ್ಯಾನರಿನ ಇನ್ನೊಂದು ತುದಿ ಹಿಡಿದು ನಿಂತಿದ್ದಳು. ಅವಳು ಈ ಶಾಲೆಯ ಶಿಕ್ಷಕಿ, ಎಲ್ಲರ ಬಾಯಲ್ಲೂ ‘ಬಾಯಿ’; ವಲಾಂಡಿಯಿಂದ ದಿನಾ ಬಂದುಹೋಗುತ್ತಿದ್ದಳು. ಮಗಳು ಮೀನಲ ಉದಗೀರದಲ್ಲಿ ಕಾಲೇಜು ಓದುತ್ತಿದ್ದಳು. ಗಂಡ ರವಿಕಾಂತನದು ಬಜಾರಿನಲ್ಲಿ ಬಟ್ಟೆ ಅಂಗಡಿ. ಜಗಳವಿದ್ದ ಕಡೆಯಿಂದ ಸೆರಗು ಎಳೆದುಕೊಂಡು ದೂರ ಸರಿಯುವ ಹೆಂಗಸು ಅವಳು. ಗುರುಜಿ ಮಕ್ಕಳ ಮೇಲೆ ಕೈ ಮಾಡಿದ್ದನ್ನು ಹಿಂದೆಯೂ ಮೂರು ಸಲ ಕಂಡಿದ್ದಳು. ಆಗೆಲ್ಲ ಆ ಮಗುವನ್ನು ನೀರಿನ ಟಾಕಿಯ ಹಿಂದೆ ಕರೆದೊಯ್ದು, ಮುಖ ತೊಳೆಸಿ, ಒಂದು ಪೆಪ್ಪರಮಿಂಟು ಕೊಟ್ಟು ಕಳಿಸಿದ್ದಳು. ಪೆಪ್ಪರಮಿಂಟು ಮಗುವಿಗಿಂತ ಹೆಚ್ಚಾಗಿ ತನ್ನ ಸಮಾಧಾನಕ್ಕೆ ಎಂಬುದು ಅವಳಿಗೆ ಗೊತ್ತಿತ್ತು.

ಈ ಸಲ ಸ್ನೇಹಲ ಪೆಪ್ಪರಮಿಂಟು ತೆಗೆದುಕೊಳ್ಳಲಿಲ್ಲ. ಕಿವಿ ಮುಚ್ಚಿಕೊಂಡು ಕುಕ್ಕರಿಸಿದಳು.

“ಬಾಯಿ, ಕಿವಿಯಾಗ ಮೋಟಾರ ಚಾಲೂ ಆಗ್ಯದ.”

“ಎಂಥ ಮೋಟಾರೇ?”

“ನಮ್ಮ ಹೊಲದಾಗಿನ ಬೋರಿನ ಮೋಟಾರ. ಬಂದ್ ಮಾಡ್ರಿ ಬಾಯಿ.”

ಸಾರಿಕಾಳಿಗೆ ಹೋದ ತಿಂಗಳ ಟ್ರೇನಿಂಗು ನೆನಪಾಯಿತು. ಕಪ್ಪು ಕೋಟಿನ ವಕೀಲೆಯೊಬ್ಬಳು ಬಂದು ಹೇಳಿದ್ದಳು: ಶಾಲೆಯಲ್ಲಿ ಯಾರೇ ಮಗುವಿನ ಮೇಲೆ ಕೈ ಮಾಡಿದರೂ ಕಂಡವರು ಇಪ್ಪತ್ತನಾಲ್ಕು ತಾಸಿನೊಳಗೆ ಮೇಲಿನವರಿಗೆ ತಿಳಿಸಬೇಕು; ಕಂಡೂ ಸುಮ್ಮನಿದ್ದವರೂ ಅಪರಾಧಿಗಳೇ. ಉಳಿದ ಗುರುಜಿಗಳೆಲ್ಲ ಸಮೋಸಾ ಬಂತೇ ಎಂದು ಹಿಂದೆ ತಿರುಗಿ ನೋಡುತ್ತಿದ್ದರು. ಸಾರಿಕಾ ಫ್ಯಾನಿನ ಗಾಳಿಗಾಗಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಹಾಗಾಗಿ ಮಾತೆಲ್ಲ ಕಿವಿಗೆ ಬಿದ್ದುಬಿಟ್ಟಿತು. ಗಾಳಿಯ ಆಸೆಗೆ ಮನುಷ್ಯ ಎಂಥ ಬೆಲೆ ತೆರಬೇಕಾಗುತ್ತದೆಂದು ಅವಳಿಗೆ ಆಗ ತಿಳಿದಿರಲಿಲ್ಲ.

ಅವಳು ನೇರವಾಗಿ ಮುಖ್ಯಾಧ್ಯಾಪಕರ ಕೋಣೆಗೆ ಹೋದಳು. ಮನ್ಮಥಪ್ಪ ಸರ್ ಕನ್ನಡಕ ಒರೆಸುತ್ತಿದ್ದರು.

“ಸರ್, ಸ್ನೇಹಲನ ಕಿವಿಗಿ ಪೆಟ್ಟಾಗ್ಯದ. ಮ್ಯಾಲ ತಿಳಿಸ್ಬೇಕು.”

“ಯಾವ ಪೆಟ್ಟು?” ಎಂದರು ಮನ್ಮಥಪ್ಪ.

“ನಿಮ್ಮ ಎದುರಿಗೇ ಹೊಡದಾರಲ್ರೀ ಗುರುಜಿ!”

“ನನ್ನ ಎದುರಿಗಿ ನಡೀತದ ಬಾಯಿ, ನನಗ ಕಾಣಬೇಕಲ್ಲ? ಎರಡೂ ಕಣ್ಣಿಗಿ ಮೋತಿಬಿಂದು ಬಂದು ಪೊರಿ ಕಟ್ಟ್ಯದ. ನೀವು ಅಂತ ಧನಿ ಮ್ಯಾಲ ಗುರ್ತು ಹಿಡದೀನಿ.” ಹೀಗೆಂದವರು ಗೋಡೆಯ ಗಡಿಯಾರ ನೋಡಿ, ಖಿಚಡಿಯ ಹೊತ್ತಾಯಿತೆಂದು ಗಂಟೆ ಬಾರಿಸಲು ಹೇಳಿದರು.

ಸುನಿಲ ಸರ್ ಶಾಲೆಯ ಎಲ್ಲರಿಗಿಂತ ಕಿರಿಯ. ಅವನು, “ನಾ ನೆಟವರ್ಕ್ ಹುಡುಕ್ಲಿಕ್ಕ ಗೇಟಿನ ಕಡಿ ಮುಖ ಮಾಡಿದ್ದೆ ಮ್ಯಾಡಮ್” ಎಂದ. ಮಧ್ಯಾಹ್ನದ ಖಿಚಡಿ ಬೇಯಿಸುವ ಶೇವಂತಾಬಾಯಿಯನ್ನು ಕೇಳಿದರೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹೊಗಿಯಾಗ ಏನ್ ಕಾಣ್ತದ್ರಿ ಬಾಯಿ ನನಗ?”

“ನೀ ಗ್ಯಾಸಿನ ಮ್ಯಾಲ ಅಡಗಿ ಮಾಡ್ತೀ. ಹೊಗಿ ಎಲ್ಲಿಂದ ಬಂತು?”

“ಹಿಂದಿನ ಹೊಗಿ ಇನ್ನಾ ಕಣ್ಣಾಗ ಅದರಿ” ಎಂದಳು ಶೇವಂತಾಬಾಯಿ.

ಅಷ್ಟರಲ್ಲಿ ವೈಜನಾಥ ಗುರುಜಿಯೇ ಒಳಗೆ ಬಂದರು. ಗುರುಜಿ ಕೆಟ್ಟವರೆಂದು ಯಾರೂ ಹೇಳುತ್ತಿರಲಿಲ್ಲ. ಲಿಂಗಪೂಜೆ ಆಗದೆ ನೀರು ಮುಟ್ಟುತ್ತಿರಲಿಲ್ಲ. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಬೆಲ್ಲ. ಶಿಕ್ಷಕರ ಸಂಘಟನೆಯ ಕಾರ್ಯಾಧ್ಯಕ್ಷರು ಬೇರೆ. ಸರ್ಕಾರ ಹೊರಡಿಸುವ ಜಿ.ಆರ್. ಆದೇಶಗಳೆಲ್ಲ ಅವರಿಗೆ ತಾರೀಖಿನ ಸಮೇತ ಬಾಯಿಪಾಠ. ತಾಲೂಕಿನ ಯಾವ ಶಿಕ್ಷಕನಿಗೆ ನೋಟಿಸು ಬಂದರೂ ಉತ್ತರ ಬರೆದುಕೊಡುವವರು ಅವರೇ.

“ಬಾಯಿ ತಕ್ರಾರ್ ಕೊಡ್ತಾರಂತಲ್ಲ? ಕೊಡ್ಲಿ ಕೊಡ್ಲಿ” ಎಂದರು ನಗುತ್ತ. “ಅವರ ಕರ್ತವ್ಯ ಅದ. ನಾ ಯಾಕ ಬ್ಯಾಡ ಅನ್ಲಿ? ಖರೇ ಅಂದ್ರ ಇಷ್ಟು ಧೈರ್ಯ ನಮ್ಮ ಸಂಘಟನಾದಾಗ ಇರ್ಬೇಕಿತ್ತು.”

ಬೈದಿದ್ದರೆ ಸಾರಿಕಾ ಹೆದರಿ ಸುಮ್ಮನಾಗುತ್ತಿದ್ದಳೇನೋ. ಹೊಗಳಿದ್ದರಿಂದ ಹಿಂದೆ ಸರಿಯಲು ದಾರಿ ಉಳಿಯಲಿಲ್ಲ.

ಸುದ್ದಿ ವಲಾಂಡಿಯ ಬಜಾರಿಗೆ ಮುಟ್ಟಲು ಖಿಚಡಿ ಬಡಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ರವಿಕಾಂತನ ಫೋನು ಬಂತು.

“ಏನ್ ಹಚ್ಚೀ ನೀ? ಗುರುಜಿ ಮ್ಯಾಲ ಕೇಸ್ ಮಾಡ್ತೀಯಂತ?”

“ಕೇಸಲ್ಲರಿ. ತಿಳಿಸೂದು.”

“ಎರಡೂ ಒಂದೇ. ಅವರ ಮನಿ ಲಗ್ನದ ಬಟ್ಟಿ ಎಲ್ಲಾ ನಮ್ಮ ಅಂಗಡ್ಯಾಗೇ ತಗೀತಾರ, ಗೊತ್ತದಿಲ್ಲ? ಮೀನಲನ ಲಗ್ನಕ್ಕ ಸೋಯರಿಕಿ ನೋಡ್ಲತ್ತೀವಿ. ನಾಳಿ ಯಾವ ಮನ್ಯಾಗ ಕೇಳಿದ್ರೂ ಗುರುಜಿನ ಕಡಿಯವರೇ ಇರ್ತಾರ. ‘ಆಕಿ ತಾಯಿ ತಕ್ರಾರಿ ಹೆಂಗಸು’ ಅಂತ ಒಂದ ಮಾತು ಹೇಳಿದ್ರ ಆಯ್ತು.”

“ಹುಡುಗಿ ಕಿವಿಗಿ ಪೆಟ್ಟಾಗ್ಯದರಿ.”

“ಆ ಹುಡುಗಿಗಿ ಮನ್ಯಾಗ ಯಾರೂ ಇಲ್ಲೇನು? ನೀನೇ ಬೇಕೇನು?” ಎಂದು ಅವನು ಫೋನಿಟ್ಟ.

ಮನೆಯವರಿದ್ದರು. ಸ್ನೇಹಲಳ ಅಜ್ಜಿ ಪ್ರಯಾಗಬಾಯಿ ಆಗಲೇ ಕಚ್ಚೆ ಬಿಗಿದುಕೊಂಡು, ಸೋಯಾಬೀನ್ ಕೊಯ್ಲಿನಿಂದ ಎದ್ದು ಬಂದಿದ್ದಳು. ಕುಡುಗೋಲು ಇನ್ನೂ ಕೈಯಲ್ಲಿತ್ತು. ಅದನ್ನು ಕಂಡು ಮನ್ಮಥಪ್ಪ ಸರ್‌ಗೆ ಮೋತಿಬಿಂದು ಒಮ್ಮೆಲೇ ವಾಸಿಯಾಗಿ, ಅವರು ಹಿಂದಿನ ಬಾಗಿಲು ಹುಡುಕಿಕೊಂಡರು.

“ಹೊಡೀಲಿ, ನಾ ಬ್ಯಾಡ ಅನ್ನಲ್ಲ” ಎಂದಳು ಪ್ರಯಾಗಬಾಯಿ. “ಗುರುಜಿ ಅಂದ ಮ್ಯಾಲ ಹೊಡೀತಾರ. ಆದ್ರ ಕಿವಿಗಿ ಯಾಕ್ರಿ? ಬೆನ್ನು ಕೊಟ್ಟಿಲ್ಲೇನು ದೇವರು, ಇಷ್ಟಗಲ?” ಆಮೇಲೆ ಮೊಮ್ಮಗಳ ಎಡಗಿವಿಯ ಹತ್ತಿರ ಚಿಟಿಕೆ ಹೊಡೆದಳು. ಹುಡುಗಿ ತಿರುಗಲಿಲ್ಲ. ಮತ್ತೆ ಹೊಡೆದಳು. ಕುಡುಗೋಲು ಕೆಳಗಿಟ್ಟು ಇನ್ನೊಂದು ಕೈಯಿಂದಲೂ ಹೊಡೆದಳು. “ಮೋಟಾರ ಬಂದ್ ಆಯ್ತಂತ್ರಿ ಬಾಯಿ. ಈಗ ಏನೂ ಇಲ್ಲಂತ. ನಾ ಓದಿದಾಕಿ ಅಲ್ಲ. ನೀವೇ ಏನರೆ ಮಾಡ್ರಿ.”

‘ನೀವೇ’ ಎಂಬ ಮಾತು ಸಾರಿಕಾಳ ಎದೆಯಲ್ಲಿ ನಾಟಿತು. ಮದುವೆಯಾದಂದಿನಿಂದ ಅವಳಿಗೆ ಆ ಮಾತನ್ನು ಅಡಿಗೆ, ನೆಂಟರು, ಔಷಧ ಇಂಥವಕ್ಕೆ ಮಾತ್ರ ಹೇಳಿದ್ದರು. ಅವಳು ಮಧ್ಯಾಹ್ನದ ರಜೆ ಬರೆದಿಟ್ಟು, ಚೀಲ ಹೆಗಲಿಗೇರಿಸಿ, ಹೊಸಗಾಂವದ ಕೇಂದ್ರಪ್ರಮುಖರ ಕಚೇರಿಗೆ ಹೊರಟಳು. ಸುತ್ತಲಿನ ಶಾಲೆಗಳ ಮೇಲುಸ್ತುವಾರಿ ಅವರದೇ.

ಗೇಟಿನಲ್ಲಿ ಶಿವಗಂಗಾಬಾಯಿ ಎದುರಾದಳು. ವೈಜನಾಥ ಗುರುಜಿಯ ಹೆಂಡತಿ. ಅವರ ಮನೆ ಶಾಲೆಯ ಹಿಂದಿನ ಓಣಿಯಲ್ಲೇ. ಕೈಯಲ್ಲಿ ಹಿತ್ತಾಳೆಯ ತಟ್ಟೆ. ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಕುಬುಸದ ಖಣ, ಅರಿಶಿನದ ಕೊಂಬು, ಕುಂಕುಮ, ಎಲೆ ಅಡಿಕೆ.

“ಬಾಯಿ, ನಿಂದರ್ರಿ. ಉಡಿ ತುಂಬ್ತೀನಿ.”

ಸಾರಿಕಾ ಗೇಟಿನ ಕಂಬಿ ಹಿಡಿದು ನಿಂತಳು. ಯಾರಾದರೂ ಲಂಚ ಕೊಟ್ಟರೆ ಬೇಡ ಎನ್ನಬಹುದು. ಬೈದರೆ ತಿರುಗಿ ಬೈಯಬಹುದು. ಮುತ್ತೈದೆಯೊಬ್ಬಳು ಅರಿಶಿನ ಕುಂಕುಮ ಹಿಡಿದು ಉಡಿ ತುಂಬುತ್ತೇನೆಂದರೆ ಒಲ್ಲೆ ಎಂದ ಹೆಂಗಸು ಆ ಸೀಮೆಯಲ್ಲಿ ಯಾವೂರಲ್ಲೂ ಹುಟ್ಟಿರಲಿಲ್ಲ. ಒಲ್ಲೆ ಎಂದರೆ ತನ್ನ ಗಂಡನ ಆಯುಷ್ಯಕ್ಕೋ, ಅವಳ ಗಂಡನ ಆಯುಷ್ಯಕ್ಕೋ ಕೇಡು. ಇಬ್ಬರು ಗಂಡಂದಿರ ಆಯುಷ್ಯವೂ ಹೀಗೆ ಒಂದು ತೆಂಗಿನಕಾಯಿಗೆ ಗಂಟು ಬಿದ್ದಿರುವಾಗ ಏನು ಮಾಡುವುದು? ಅವಳು ಸೆರಗು ಒಡ್ಡಿದಳು. ಗುರುಜಿ, ಸುನಿಲ ಸರ್, ಹಿಂದಿನ ಬಾಗಿಲಿಂದ ತಿರುಗಿ ಬಂದ ಮನ್ಮಥಪ್ಪ ಸರ್ ಮೂವರೂ ಅಂಗಳದಲ್ಲಿ ನಿಂತು, ಮುಗಿದುಹೋಯ್ತು ಎಂಬಂತೆ ನೋಡುತ್ತಿದ್ದರು.

ಶಿವಗಂಗಾಬಾಯಿ ಬಗ್ಗಿ ಬೊಗಸೆಯಿಂದ ಅಕ್ಕಿ ಸುರಿದಳು. ಬಗ್ಗಿದಾಗ ಕುಬುಸದ ತೋಳು ಮೇಲೆ ಸರಿಯಿತು. ಹಸಿರು ಬಳೆಗಳ ಸಾಲಿನ ಮೇಲೆ, ಮೊಳಕೈ ಹತ್ತಿರ, ಬಳೆಯದಲ್ಲದ, ಚರ್ಮ ಕಂದಿದ ಇನ್ನೊಂದು ಹಸಿರು ಬಣ್ಣವಿತ್ತು. ಸಾರಿಕಾ ಅದನ್ನು ನೋಡಿದ್ದನ್ನು ಅವಳೂ ನೋಡಿದಳು.

“ನೀವು ನಮ್ಮ ಮನಿ ಹೆಣ್ಮಗಳು ಇದ್ದಂಗ ಬಾಯಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ತೆಂಗಿನಕಾಯಿ ಇಡಲು ಮತ್ತೆ ಬಗ್ಗಿದಾಗ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು: “ಬಿಡಬ್ಯಾಡ್ರಿ. ಹಿಂದಿಂದೂ ಬರೀರಿ. ಒಂದೇ ಸಲದ್ದು ಬರದ್ರ ಏನೋ ತಪ್ಪಾಯ್ತು ಅಂತ ಬಿಟ್ಟಬಿಡ್ತಾರ. ಎಲ್ಲಾ ಬರೀರಿ.”

ನೆಟ್ಟಗಾಗಿ, ಕುಂಕುಮ ಹಚ್ಚಿ, ತಟ್ಟೆ ಬಗಲಲ್ಲಿಟ್ಟು ಹೊರಟುಹೋದಳು.

ಉಡಿ ತುಂಬಿಸಿಕೊಂಡವಳು ಅದನ್ನು ಮನೆಯ ದೇವರ ಮುಂದೆ ಇಳಿಸುವ ತನಕ ಎಲ್ಲಿಯೂ ಕೆಳಗಿಡುವ ಹಾಗಿಲ್ಲ. ಸಾರಿಕಾ ಸೆರಗಿನ ಗಂಟನ್ನು ಹೊಟ್ಟೆಗೆ ಅವಚಿಕೊಂಡೇ ಬಸ್ ಹತ್ತಿದಳು. ಕೆಂಪು ಬಸ್ಸಿನೊಳಗೆ ಜೋಳದ ಚೀಲದ ಹಾಗೆ ಜನ ತುಂಬಿದ್ದರು. ಕಂಡಕ್ಟರ್ ಅವಳನ್ನು ಮೇಲಿಂದ ಕೆಳಗೆ ನೋಡಿದ.

“ತವರಿಗೇನ್ರಿ ಅಕ್ಕಾ?”

“ಹೊಸಗಾಂವ. ಸರ್ಕಾರಿ ಕೆಲಸ ಅದ.”

“ಈಗ ಸರ್ಕಾರಿ ಕೆಲಸಕ್ಕ ಉಡಿ ತುಂಬಿ ಕಳಸ್ಲತ್ತಾರೇನು? ತಗೋರಿ, ಹೆಂಗಸರಿಗಿ ಅರ್ಧಾ ತಿಕೀಟು. ಕಾಯಿಗಿ ಫುಕಟ್.”

ಪಕ್ಕದ ಸೀಟಿನ ಮುದುಕಿ ಹೊಟ್ಟೆಯ ಮೇಲಿನ ಗಂಟನ್ನು ಮುಟ್ಟಿ ನೋಡಿ, “ಎಷ್ಟನೇ ತಿಂಗಳವ್ವಾ?” ಎಂದಳು.

“ಇದು ಅಕ್ಕಿ ಅಜ್ಜಿ!”

“ಮುಚ್ಚಿಡೂದ್ಯಾಕ? ದೇವರು ಕೊಡೂದಿದ್ರ ಯಾವ ವಯಸ್ಸಿನಾಗರೆ ಕೊಡ್ತಾನ. ನಮ್ಮ ದೊಡ್ಡ ಸೊಸಿಗೂ ಹಿಂಗೇ ತಡಾ ಆಯ್ತು.” ಮುಂದಿನ ಸೀಟಿನವರಿಬ್ಬರು ತಿರುಗಿ ನೋಡಿದರು. ಯಾರೋ ಎದ್ದು ಜಾಗ ಬಿಟ್ಟರು. ನಾಚಿಕೆಯಿಂದ ಮುಖ ಕೆಂಪಾದರೂ ಸಾರಿಕಾ ಕೂತಳು. ಅಷ್ಟರಲ್ಲಿ ಬಸ್ಸು ತಗ್ಗಿಗೆ ಇಳಿದು ಎಗರಿತು. ತೆಂಗಿನಕಾಯಿ ಸೆರಗಿನಿಂದ ಹಾರಿ ಸೀಟುಗಳ ಕೆಳಗೆ ಉರುಳಿ ಮಾಯವಾಯಿತು. ಅರ್ಧ ಬಸ್ಸು ಬಗ್ಗಿ ಹುಡುಕಿತು. ಡ್ರೈವರನ ಕಾಲ ಹತ್ತಿರ ಸಿಕ್ಕಾಗ ಅವನು ಬ್ರೇಕ್ ಹಾಕಿ, ಕಾಯಿಯನ್ನು ಕಣ್ಣಿಗೊತ್ತಿಕೊಂಡು ಹಿಂದಕ್ಕೆ ಕಳಿಸಿದ. ಕೈಯಿಂದ ಕೈಗೆ ದಾಟಿ ಬಂದ ಕಾಯಿಯ ಜೊತೆ ಎಲ್ಲರ ಆಶೀರ್ವಾದವೂ ಬಂತು. ಸಾರಿಕಾ ಇಲ್ಲದ ಬಸಿರಿಗೆ ಕೈಮುಗಿದು ಹೊಸಗಾಂವದಲ್ಲಿ ಇಳಿದಳು.

ಕೇಂದ್ರಪ್ರಮುಖ ಭೀಮಶಾ ಸಾಹೇಬರು ಮೃದು ಮನುಷ್ಯ. ಅವಳನ್ನು ಕೂರಿಸಿ, ನೀರು ಕೊಡಿಸಿ, ಕೋರಾ ಕಾಗದ ಮುಂದಿಟ್ಟರು.

“ಶಾಬಾಸ್ ಬಾಯಿ. ನನ್ನ ಕೇಂದ್ರದಾಗ ಇದು ಪೈಲೇ ತಕ್ರಾರು. ಯಾರೂ ಬರಲ್ಲ ನೋಡ್ರಿ, ಅಂಜತಾರ. ಪೂರಾ ಬರೀರಿ. ಏನೂ ಬಿಡಬ್ಯಾಡ್ರಿ.”

ಏನೂ ಬಿಡಬೇಡಿ ಎಂದು ಅದೇ ದಿನ ಎರಡನೆಯವರು ಹೇಳಿದ್ದು. ಸಾರಿಕಾ ಒಂದು ಕೈಯಿಂದ ಉಡಿ ಹಿಡಿದು ಇನ್ನೊಂದರಿಂದ ಬರೆದಳು. ಬರೆಯುತ್ತ ಹೋದಂತೆ ಹಗುರಾದಳು. ಸೀನು, ಏಟು, ಮೋಟಾರು ಎಲ್ಲ ಬರೆದಳು. ಆಮೇಲೆ ಒಂದು ಗಳಿಗೆ ಪೆನ್ನು ನಿಂತಿತು. ಬಳೆಗಳ ಮೇಲಿನ ಹಸಿರು ಕಣ್ಣಿಗೆ ಬಂತು. ‘ಇದಕ್ಕೂ ಮೊದಲು ಮೂರು ಸಲ ಅವರು ಮಕ್ಕಳನ್ನು ಹೊಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ’ ಎಂದು ಬರೆದು, ಆ ಮಕ್ಕಳ ಹೆಸರೂ ಹಾಕಿ, ಸಹಿ ಮಾಡಿದಳು. ಎಷ್ಟೋ ವರ್ಷದಿಂದ ಹೊಟ್ಟೆಯೊಳಗೆ ಕೂತಿದ್ದ ಮೂರು ಕಲ್ಲು ಒಮ್ಮೆಲೇ ಕೆಳಗಿಳಿದಂತಾಯಿತು.

ಭೀಮಶಾ ಸಾಹೇಬರು ಓದಿದರು. ಫೋನೆತ್ತಿ ಮನ್ಮಥಪ್ಪನವರನ್ನು ಕೇಳಿದರು. ಮೋತಿಬಿಂದುವಿನ ಕತೆ ಬಂತು. ಸುನಿಲನನ್ನು ಕೇಳಿದರು, ನೆಟವರ್ಕು. ಶೇವಂತಾಬಾಯಿಯ ಹೊಗೆ ಫೋನಿನಿಂದಲೂ ಹೊರಬಂತು. ಸಾಹೇಬರು ಫೋನಿಟ್ಟು ಕಾಗದವನ್ನು ಮತ್ತೆ ಓದಿದರು. ಈ ಸಲ ಕೆಳಗಿನಿಂದ ಮೇಲಕ್ಕೆ.

“ಬಾಯಿ, ಹಿಂದ ಮೂರು ಸಲ ಕಂಡೀನಿ ಅಂತ ಬರದೀರಿ.”

“ಹೌದ್ರಿ ಸರ್.”

“ಸ್ವತಃ ನಿಮ್ಮ ಕಣ್ಣಿಲೆ?”

“ನನ್ನ ಕಣ್ಣಿಲೆ.”

“ಆಗ ಯಾರಿಗಿ ತಿಳಿಸಿದ್ರಿ?”

“ಯಾರಿಗೂ ಇಲ್ರಿ. ಅಂಜಿಕಿ ಆಗಿತ್ತು. ಮುಖ ತೊಳ್ಸಿ ಪೆಪ್ಪರಮಿಂಟ್ ಕೊಟ್ಟಿದ್ದೆ.”

“ಪೆಪ್ಪರಮಿಂಟು” ಎಂದು ಸಾಹೇಬರು ನಿಟ್ಟುಸಿರು ಬಿಟ್ಟರು. “ಹೆಂಗ ಹೇಳ್ಲಿ ನಿಮಗ? ಗುರುಜಿ ಹೊಡದಾರ ಅಂಬೂದು ಇನ್ನಾ ಸಾಬೀತ ಆಗ್ಬೇಕು. ವಿಚಾರಣಿ ಆಗ್ಬೇಕು. ಕಂಡವರು ನೀವೊಬ್ಬರೇ, ಉಳದವರು ಯಾರೂ ಕಂಡಿಲ್ಲ. ನಿಮ್ಮದು ಹಂಗಲ್ಲ. ಕಂಡೂ ತಿಳಿಸಿಲ್ಲ ಅಂತ ನೀವೇ ಬರದು ಸಹಿ ಮಾಡೀರಿ. ಅದು ಸಾಬೀತ ಆಗೇ ಬಂದದ. ಅವರದು ಒಂದ ತಪ್ಪು, ನಿಮ್ಮವು ಮೂರು.”

“ಸರ್, ನಾ ಆರೋಪಿ ಅಲ್ರಿ! ನಾ ತಕ್ರಾರ್ ಕೊಡ್ಲಿಕ್ಕ ಬಂದೀನಿ.”

“ಗೊತ್ತದ ಬಾಯಿ. ಅದಕ್ಕೇ ಕೆಟ್ಟ ಅನಸ್ಲತದ.”

“ಹಂಗಾದ್ರ ಆ ಒಂದ ಸಾಲು ಹೊಡದು ಹಾಕ್ತೀನಿ, ಕೊಡ್ರಿ.”

ಸಾಹೇಬರು ಕಾಗದವನ್ನು ಎದೆಗೆ ಒತ್ತಿಕೊಂಡರು. “ಅಹೋ ಬಾಯಿ! ನಾ ಓದೀನಿ. ಈಗ ನನಗ ಗೊತ್ತಾಗ್ಯದ. ಗೊತ್ತಾಗಿನೂ ನಾ ಸುಮ್ಮ ಕೂತ್ರ ನಾನೂ ಅಪರಾಧಿನೇ. ಇಪ್ಪತ್ನಾಕು ತಾಸು ನನಗೂ ಅದ. ನಿಮ್ಮ ಬಗ್ಗಿ ಮ್ಯಾಲ ತಿಳಿಸಲೇಬೇಕು. ಸಸ್ಪೆಂಡ್ ಆಗೂದೋ ಬಿಡೂದೋ, ಅದು ಮ್ಯಾಲಿನವರ ಕೈಯಾಗ.” ಅವರ ಕಣ್ಣು ಅವಳ ಮಡಿಲಿನ ಮೇಲೆ ಬಿತ್ತು. “ಮತ್ತ ಇದು?”

“ಉಡಿ.”

“ಯಾರು ತುಂಬ್ಯಾರ?”

ಸಾರಿಕಾ ಸುಳ್ಳು ಹೇಳುವುದನ್ನು ಕಲಿಯಬೇಕಿತ್ತು. ಆದರೆ ಕಲಿಯುವ ವಯಸ್ಸಿನಲ್ಲಿ ಡಿ.ಎಡ್. ಓದಿಕೊಂಡು ಕೂತಿದ್ದಳು. “ಶಿವಗಂಗಾಬಾಯಿ” ಎಂದಳು.

ಭೀಮಶಾ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದನ್ನ ನಾ ನೋಡಿಲ್ಲ. ನೀವು ಲಗೂನ ಮನಿಗಿ ಹೋಗ್ರಿ.”

ತಿರುಗಿ ಹೋಗುವ ಬಸ್ಸಿನಲ್ಲಿ ಯಾರೂ ಏನೂ ಕೇಳಲಿಲ್ಲ. ಅವಳ ಮುಖ ಹಾಗಿತ್ತು. ಶಾಲೆಯಂಗಳದಲ್ಲಿ ಎಷ್ಟು ಜೊತೆ ಕಣ್ಣುಗಳಿದ್ದವು! ಮುಚ್ಚಿಕೊಂಡವರೆಲ್ಲ ತೊಳೆದ ಹಾಗೆ ಶುದ್ಧರಾಗಿ ಮನೆಗೆ ಹೋಗಿದ್ದರು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಸಾಹೇಬರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಮೂರು ಮಕ್ಕಳ ಮುಖವನ್ನು ಅವಳು ತನ್ನ ಕೈಯಾರೆ ತೊಳೆದಿದ್ದಳು. ಅವುಗಳಲ್ಲಿ ಒಂದು, ಬಾಯಲ್ಲಿ ಪೆಪ್ಪರಮಿಂಟು ಇಟ್ಟುಕೊಂಡೇ, ‘ಬಾಯಿ, ನೀವು ಗುರುಜಿಗಿ ಏನೂ ಅನ್ನಲ್ಲೇನು?’ ಎಂದು ಕೇಳಿತ್ತು. ಆಗ ಅವಳು ಮಗುವಿನ ಕೂದಲು ಸರಿಮಾಡಿದ್ದಳು. ಮೂರು ತಪ್ಪು ನಿಜವಾಗಿಯೂ ಅವಳವೇ. ಒಪ್ಪಿಕೊಂಡದ್ದಕ್ಕೆ ಮಾತ್ರ ಅವು ತಪ್ಪಾದವು ಎಂಬುದೊಂದೇ ಅವಳಿಗೆ ಒಗ್ಗಲಿಲ್ಲ.

ಮನೆ ಮುಟ್ಟಿ, ದೇವರ ಮುಂದೆ ಉಡಿ ಇಳಿಸಿ ಹೊರಗೆ ಬಂದರೆ ಪಡಸಾಲೆಯಲ್ಲಿ ವೈಜನಾಥ ಗುರುಜಿ ಕೂತಿದ್ದರು. ರವಿಕಾಂತ ಅವರಿಗೆ ಚಹಾ ಕೊಟ್ಟು, ಹೆಂಡತಿಯನ್ನು ನುಂಗುವ ಹಾಗೆ ನೋಡಿದ.

“ಬರ್ರಿ ಬಾಯಿ, ಕೂಡ್ರಿ” ಎಂದರು ಗುರುಜಿ, ಮನೆ ತಮ್ಮದೇ ಎಂಬಂತೆ. “ಭೀಮಶಾ ಸಾಹೇಬರ ಫೋನ್ ಬಂದಿತ್ತು. ನಿಮ್ಮ ಮ್ಯಾಲ ಸಂಕಟ ಬಂದದಂತ ಕೇಳಿದೆ. ಸಂಘಟನಾ ನಿಮ್ಮ ಹಿಂದ ಅದ, ಕಾಳಜಿ ಮಾಡಬ್ಯಾಡ್ರಿ. ನಮ್ಮಕಿ ಉಡಿ ತುಂಬ್ಯಾಳ ಅಂದ್ರ ನೀವು ನಮ್ಮ ಮನಿ ಹೆಣ್ಮಗಳೇ.”

“ಗುರುಜಿ ತಾವಾಗೇ ಬಂದಾರ ನೋಡು” ಎಂದ ರವಿಕಾಂತ. “ಯಾರ ಮ್ಯಾಲ ತಕ್ರಾರ್ ಕೊಟ್ಟೀಯೋ ಅವರೇ ನಿನ್ನ ನೌಕರಿ ಉಳಿಸ್ಲಿಕ್ಕ ಬಂದಾರ. ಎಂಥಾ ಮನುಷ್ಯಾ!”

ಸಾರಿಕಾ ನಿಂತೇ ಇದ್ದಳು. “ಸ್ನೇಹಲ ಹೆಂಗ ಇದ್ದಾಳ?”

“ಅಯ್ಯ, ನಾನೇ ಗಾಡಿ ಮ್ಯಾಲ ಕೂಡಿಸ್ಕೊಂಡು ಉದಗೀರಕ್ಕ ಕರಕೊಂಡು ಹೋಗಿದ್ದೆ, ಕಿವಿ ಡಾಕ್ಟರಕಡಿ. ಪಡದಾ ಹರದದಂತ. ಪೆನ್ಸಿಲ್ ಹಾಕ್ಕೊಂಡಾಳ ಅಂತ ಹೇಳೀನಿ.”

“ಪ್ರಯಾಗಬಾಯಿ ಏನಂದ್ರು?”

“ಏನಂತಾರ? ಕೈ ಮುಗದ್ರು. ಗಾಡಿ ಮ್ಯಾಲ ದವಾಖಾನಿಗಿ ಯಾರು ಕರಕೊಂಡು ಹೋಗ್ತಾರ ಆಕಿಗಿ?”

“ಮತ್ತ ಕಿವಿ? ಕೇಳ್ತದೇನು ಮುಂದ?”

ಗುರುಜಿ ಬಸಿಯಲ್ಲಿದ್ದ ಚಹಾ ಪೂರ್ತಿ ಕುಡಿದು, ಬಸಿ ಕೆಳಗಿಟ್ಟರು. “ಇನ್ನೊಂದ ಅದಲ್ಲ ಬಾಯಿ.”

ಅಡಿಗೆಮನೆಯಲ್ಲಿ ಹಾಲು ಉಕ್ಕುವ ಸದ್ದಾಯಿತು. ಯಾರೂ ಅತ್ತ ಹೋಗಲಿಲ್ಲ.

“ಈಗ ನಿಮ್ಮದು ನೋಡೋಣು” ಎಂದು ಗುರುಜಿ ಕಿಸೆಯಿಂದ ಟೈಪು ಮಾಡಿದ ಹಾಳೆಯೊಂದನ್ನು ತೆಗೆದರು. “ಭಾಳ ಸಸಾರ ಅದ. ನಿಮ್ಮ ಮ್ಯಾಲ ಆರೋಪ ಏನು? ನಾ ಹೊಡದದ್ದು ಕಂಡೂ ತಿಳಿಸಿಲ್ಲ ಅಂತ. ಹೌದಿಲ್ಲ? ಈಗ ವಿಚಾರ ಮಾಡ್ರಿ. ನಾ ಹೊಡದೇ ಇಲ್ಲಂದ್ರ ನೀವು ತಿಳಸೂದು ಏನಿತ್ತು?”

ರವಿಕಾಂತನ ಬಾಯಿ ತೆರೆಯಿತು. “ವಾ! ಬರೋಬ್ಬರ!”

“ನಾ ಇಂದೂ ಹೊಡದಿಲ್ಲ, ಹಿಂದೂ ಹೊಡದಿಲ್ಲ. ನಿಮಗ ಗೈರಸಮಜ, ತಪ್ಪು ತಿಳುವಳಿಕಿ ಆಗಿತ್ತು. ಅಷ್ಟ ಬರದೀನಿ. ಇದಕ್ಕ ಸಹಿ ಮಾಡಿದ್ರ ನನ್ನ ಒಂದ ತಪ್ಪೂ ಹೋಗ್ತದ, ನಿಮ್ಮ ಮೂರೂ ಹೋಗ್ತಾವ. ನನಗಿಂತ ನಿಮಗೇ ಲಾಭ ಹೆಚ್ಚು ಬಾಯಿ.”

ಲೆಕ್ಕ ತಪ್ಪಿಲ್ಲದೆ ಕೂಡಿತ್ತು. ತಾನು ನಿರ್ದೋಷಿಯಾಗಬೇಕಾದರೆ ಗುರುಜಿ ಮೊದಲು ನಿರ್ದೋಷಿಯಾಗಬೇಕು. ಸಾರಿಕಾ ಕಾಗದ ಓದಿದಳು. ಅದರಲ್ಲಿ ಸ್ನೇಹಲ ಸೀನಿರಲೇ ಇಲ್ಲ. ಶಿವಗಂಗಾಬಾಯಿ ಈಗ ಮನೆಯಲ್ಲಿ ಗಂಡನ ಗಾಡಿಯ ಸದ್ದಿಗೆ ಕಾದು ಕೂತಿರಬೇಕು. ಏನಾಯಿತೆಂದು ಯಾರನ್ನೂ ಕೇಳುವ ಹಾಗಿಲ್ಲ. ಮೀನಲ, ನೌಕರಿ, ಬಜಾರು, ಗಂಡನ ಮುಖ, ಆ ಒಂದೇ ಒಂದು ಕಿವಿ ಎಲ್ಲ ಒಂದರ ಹಿಂದೊಂದು ಬಂದು ನಿಂತವು. ಕಿವಿ ಎಲ್ಲರಿಗಿಂತ ಹಿಂದೆ ನಿಂತಿತ್ತು, ಸಾಲಿನಲ್ಲಿ ಗಿಡ್ಡ ಹುಡುಗಿ ನಿಲ್ಲುವ ಹಾಗೆ. ಅವಳಿಗೆ ಅದು ಕಾಣುತ್ತಿತ್ತು. ಕಾಣುತ್ತಿರುವಾಗಲೇ ಸಹಿ ಮಾಡಿದಳು.

ಗುರುಜಿ ಕಾಗದ ಮಡಚಿ ಕಿಸೆಗಿಟ್ಟುಕೊಂಡರು. ಹೊಸ್ತಿಲ ತನಕ ಹೋಗಿ ಚಪ್ಪಲಿ ಮೆಟ್ಟಿದವರು ತಿರುಗಿ ನಿಂತರು. ಮುಖದಲ್ಲಿ ನಿಜವಾದ ಕರುಣೆ ಇತ್ತು.

“ಒಂದ ಮಾತು ಬಾಯಿ. ಈ ಸಹಿ ಆದ ಮ್ಯಾಲ ನಿಮ್ಮ ಮೊದಲಿನ ತಕ್ರಾರ್ ಖೋಟಾ ಆಯ್ತು. ಸಹಶಿಕ್ಷಕನ ಮ್ಯಾಲ ಖೋಟಾ ತಕ್ರಾರ್ ಕೊಡೂದೂ ದುರ್ವರ್ತನನೇ. ಕಂಡವರು ತಿಳಿಸ್ಬೇಕು ಅಂತ ನಿಯಮ ಅದ. ನೀವೇ ಹೇಳ್ತಿದ್ರಿ ಮುಂಜಾನಿ.” ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. “ಅಂಜಬ್ಯಾಡ್ರಿ. ನಾ ಯಾರಿಗೂ ತಿಳಿಸಲ್ಲ. ಕಂಡೂ ಕಾಣದಂಗ ಇರ್ತೀನಿ. ನಮ್ಮ ನಮ್ಮವರೇ ಒಬ್ಬರಿಗೊಬ್ಬರು ಸಂಭಾಳಿಸಿಕೊಂಡು ಹೋಗ್ಲಿಲ್ಲಂದ್ರ ಸಾಲಿ ನಡೀತಾವೇನು?”

ರವಿಕಾಂತ ಹೆಂಡತಿಯ ಬೆನ್ನಿಗೆ ಮೊಳಕೈ ತಾಗಿಸಿದ. “ಉಪಕಾರ ಆಯ್ತು ಅನ್ನು.”

“ಉಪಕಾರ ಆಯ್ತ್ರಿ ಗುರುಜಿ” ಎಂದಳು ಸಾರಿಕಾ.

ಗುರುಜಿ ಆಗಲೇ ಗಾಡಿ ಚಾಲೂ ಮಾಡಿದ್ದರು; ಅದರ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ಕಾಣುತ್ತದೆ. ಕಿವಿಯ ಹಿಂದೆ ಕೈಯಿಟ್ಟು ಮುಂದೆ ಬಾಗಿದರು. ಅವಳು ಇನ್ನೂ ಸ್ವಲ್ಪ ಗಟ್ಟಿಯಾಗಿ, ಓಣಿಗೆಲ್ಲ ಕೇಳುವ ಹಾಗೆ, ಮತ್ತೊಮ್ಮೆ ಹೇಳಬೇಕಾಯಿತು.